ಒಬ್ಬೊಬ್ಬರ ಎಲುಬು ಒಂದೊಂದು ಥರ ಯಾಕೆ? ಕಲಬುರಗಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗರಚನಾಶಾಸ್ತ್ರ ಪಾಠ ಮಾಡುವವರಿಗೆ ಮದುವೆ ಮನೆಯಲ್ಲೂ ಬಿಡುವಿಲ್ಲ. ಎಲುಬಿನ ಮಾತು ಬಂದರೆ ಸಾಕು, ಒಬ್ಬರು ಪ್ಯಾಂಟು ಮಡಚಿ ಮೊಳಕಾಲು ತೋರಿಸುತ್ತಾರೆ, ಇನ್ನೊಬ್ಬರು ಮಗನ ಎತ್ತರ ಹೇಳಿ ನಿಟ್ಟುಸಿರು ಬಿಡುತ್ತಾರೆ. ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು, ಬೀಗರು, ನೆರೆಹೊರೆಯವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಬಹುತೇಕ ಪ್ರಶ್ನೆಗಳ ಒಳಗಿರುವುದು ಒಂದೇ ಸಂಶಯ: ಇದು ವಂಶದಿಂದ ಬಂದದ್ದೋ, ಬದುಕಿನಿಂದ ಬಂದದ್ದೋ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಜನ ವಂಶದ ಖಾತೆಗೆ ಬರೆಯುವ ಬಹಳಷ್ಟು ಬಾಬತ್ತು ನೀರು, ಊಟ, ದುಡಿಮೆಯ ಖಾತೆಗೆ ಸೇರಬೇಕಾದದ್ದು.

ಎಲ್ಲರಿಗೂ ಎಲುಬು 206 ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಲೆಕ್ಕ ಒಂದೇ ಇದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು?

206 ಎನ್ನುವುದು ಬೆಳೆದು ನಿಂತ ದೇಹದ ವಾಡಿಕೆಯ ಲೆಕ್ಕ. ಹುಟ್ಟಿದ ಕೂಸಿನ ಮೈಯಲ್ಲಿ 270ರಿಂದ 300 ತುಂಡುಗಳಿರುತ್ತವೆ. ಬೆಳೆಯುತ್ತಾ ಹೋದಂತೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಬೆಸುಗೆ ಎಲ್ಲರಲ್ಲೂ ಒಂದೇ ರೀತಿ ಮುಗಿಯುವುದಿಲ್ಲ. ಕೆಲವರಿಗೆ ಕುತ್ತಿಗೆಯ ಬುಡದಲ್ಲಿ ಪುಟ್ಟ ಪಕ್ಕೆಲುಬೊಂದು ಹೆಚ್ಚಿರುತ್ತದೆ. ಕೆಲವರಿಗೆ ಸೊಂಟದ ಮಣಿಗಳು 5ರ ಬದಲು 4 ಅಥವಾ 6. ಸುಮಾರು 20 ಮಂದಿಯಲ್ಲಿ ಒಬ್ಬರಿಗೆ ಎದೆಯ ನಡುವಿನ ಎಲುಬಿನಲ್ಲಿ ಹುಟ್ಟಿನಿಂದಲೇ ಒಂದು ತೂತು ಇರುತ್ತದೆ. ಗೊತ್ತಿಲ್ಲದವರು ಅದನ್ನು ಗುಂಡೇಟಿನ ಗುರುತು ಎಂದುಕೊಂಡುಬಿಡುತ್ತಾರೆ.

ಇವೆಲ್ಲ ಕಾಲದ ಜೊತೆ ಬದಲಾಗುತ್ತವೆ ಕೂಡ. ಮೊಳಕಾಲಿನ ಹಿಂಭಾಗದಲ್ಲಿ, ಸ್ನಾಯುರಜ್ಜುವಿನ ಒಳಗೆ ಕೆಲವರಿಗೆ ಫ್ಯಾಬೆಲಾ ಎಂಬ ಸಣ್ಣ ಎಲುಬು ಬೆಳೆಯುತ್ತದೆ. ಹಲವು ದೇಶಗಳ ದಾಖಲೆ ಜೋಡಿಸಿ ಲಂಡನ್ನಿನ ಸಂಶೋಧಕರು 2019ರಲ್ಲಿ ತೋರಿಸಿದ ಪ್ರಕಾರ, 1918ರಲ್ಲಿ ಶೇ 11ರಷ್ಟು ಜನರಲ್ಲಿದ್ದ ಇದು 2018ರ ಹೊತ್ತಿಗೆ ಶೇ 39ರಷ್ಟು ಜನರಲ್ಲಿ ಕಾಣುತ್ತಿತ್ತು. ನೂರು ವರ್ಷದಲ್ಲಿ ಮನುಷ್ಯನ ಜೀನ್ ಅಷ್ಟು ಬದಲಾಗಲು ಸಾಧ್ಯವಿಲ್ಲ. ಮೈ ಎತ್ತರವಾಯಿತು, ತೂಕ ಹೆಚ್ಚಿತು, ಮೊಳಕಾಲಿನ ಮೇಲೆ ಬೀಳುವ ಒತ್ತಡ ಬದಲಾಯಿತು ಎನ್ನುವುದೇ ಅವರು ಕೊಟ್ಟ ವಿವರಣೆ.

ಒಮ್ಮೆ ಬೆಳೆದು ಗಟ್ಟಿಯಾದ ಮೇಲೆ ಎಲುಬು ಹಾಗೇ ಇರುತ್ತದಲ್ಲವೇ?

ಇಲ್ಲ. ಅದು ಜೀವಂತ ಅಂಗ. ಹಳೆಯದನ್ನು ಕರಗಿಸುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಸಾಯುವತನಕ ಕೆಲಸದಲ್ಲೇ ಇರುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲು ಎಲುಬು ಹೀಗೆ ಹೊಸದಾಗುತ್ತದೆ. ಯಾವ ಕಡೆ ಭಾರ ಬೀಳುತ್ತದೋ ಅಲ್ಲಿ ಕಟ್ಟುವ ಕೆಲಸ ಹೆಚ್ಚು, ಎಲ್ಲಿ ಬೀಳುವುದಿಲ್ಲವೋ ಅಲ್ಲಿ ಕರಗಿಸುವ ಕೆಲಸ ಹೆಚ್ಚು. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಇದನ್ನು ನಿಯಮವಾಗಿ ಬರೆದ. ವೃತ್ತಿಪರ ಟೆನಿಸ್ ಆಟಗಾರರ ಆಡುವ ಕೈಯ ತೋಳೆಲುಬಿನ ಗೋಡೆ, ಇನ್ನೊಂದು ಕೈಗಿಂತ ಮೂರನೇ ಒಂದು ಪಾಲಿನಷ್ಟು ದಪ್ಪಗಿದ್ದದ್ದು 1977ರ ಎಕ್ಸ್‌ರೇ ಅಧ್ಯಯನದಲ್ಲಿ ಕಂಡಿತು. ಅಪ್ಪ ಒಬ್ಬ, ಅವ್ವ ಒಬ್ಬಳು, ಮೈಯೂ ಒಂದೇ. ಎರಡು ಕೈಗೆ ಎರಡು ಥರದ ಎಲುಬು. ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಭಾರವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ಹಾಸಿಗೆ ಹಿಡಿದ ಅಜ್ಜಿಗೂ ಇದೇ ಆಗುತ್ತದೆ, ನಿಧಾನವಾಗಿ.

ಗಂಜಿನಲ್ಲಿ ಚೀಲ ಹೊರುವ ಹಮಾಲರ ಎಲುಬು ನಮ್ಮದಕ್ಕಿಂತ ಗಟ್ಟಿ ಇರ್ತದಾ?

ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸವೆದಿರುತ್ತದೆ. ತೊಗರಿ ಸುಗ್ಗಿಯಲ್ಲಿ ಕಲಬುರಗಿ ಎಪಿಎಂಸಿಗೆ ಹೋಗಿ ನಿಂತು ನೋಡಿ. ಚೀಲವನ್ನು ತಲೆಯ ಹಿಂಭಾಗ, ಕುತ್ತಿಗೆ, ಬೆನ್ನಿನ ಮೇಲ್ಭಾಗದ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಮೂಲೆ ಹಿಡಿದು, ಲಾರಿಯ ಹಲಗೆ ಹತ್ತುತ್ತಾರೆ. ತೊಡೆ, ಕಣಕಾಲಿನ ಎಲುಬಿಗೆ ಈ ದುಡಿಮೆ ಬಲ ಕೊಡುತ್ತದೆ. ಕುತ್ತಿಗೆಯ ಮಣಿಗಳ ಕಥೆ ಬೇರೆ. ತಲೆಯ ಮೇಲೆ ಭಾರ ಹೊರುವವರ ಕುತ್ತಿಗೆ ಎಕ್ಸ್‌ರೇಯಲ್ಲಿ ಮಣಿಗಳ ಅಂಚಿಗೆ ಮುಳ್ಳಿನಂತೆ ಎಲುಬು ಬೆಳೆದಿರುವುದು, ನಡುವಿನ ಗಾದಿ ತೆಳ್ಳಗಾಗಿರುವುದು ಬೇಗನೆ ಕಾಣತೊಡಗುತ್ತದೆ. ಎಲುಬು ಭಾರಕ್ಕೆ ಹೊಂದಿಕೊಳ್ಳುತ್ತದೆ, ಕೀಲಿನ ಮೆತ್ತೆಗೆ ಆ ಶಕ್ತಿ ಇಲ್ಲ.

ಹೆಣ್ಣುಮಕ್ಕಳ ದುಡಿಮೆಯನ್ನು ಇಲ್ಲಿ ಮರೆಯಬಾರದು. ಕೇಂಬ್ರಿಜ್ ಸಂಶೋಧಕರು 2017ರಲ್ಲಿ ಮಧ್ಯ ಯುರೋಪಿನ ಸಾವಿರಾರು ವರ್ಷ ಹಿಂದಿನ ಬೇಸಾಯಗಾರ ಹೆಂಗಸರ ತೋಳೆಲುಬನ್ನು ಇಂದಿನ ದೋಣಿ ಹುಟ್ಟು ಹಾಕುವ ಆಟಗಾರ್ತಿಯರ ಜೊತೆ ಹೋಲಿಸಿದರು. ಹಳೆಯ ಹೆಂಗಸರ ತೋಳು ಶೇ 11ರಿಂದ 16ರಷ್ಟು ಹೆಚ್ಚು ಬಲವಾಗಿತ್ತು. ಕಾರಣಗಳಲ್ಲಿ ಮೊದಲನೆಯದಾಗಿ ಅವರು ಹೇಳಿದ್ದು ಕಲ್ಲಿನಲ್ಲಿ ಕಾಳು ಅರೆಯುವುದು. ಹಿಟ್ಟಿನ ಗಿರಣಿ ಬರುವ ಮುಂಚೆ ಬೆಳಗಿನ ಜಾವ ಎದ್ದು ಜೋಳ ಬೀಸಿ, ಆಮೇಲೆ ಅದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಮ್ಮ ಅಜ್ಜಿಯರ ತೋಳು ಹೇಗಿದ್ದಿರಬೇಕು ಎಂದು ಯೋಚಿಸಿ.

ಅಪ್ಪ ಚೀಲ ಹೊತ್ತು ಗಟ್ಟಿಯಾದರೆ ಮಗನೂ ಗಟ್ಟಿಯಾಗಿ ಹುಟ್ಟುತ್ತಾನಾ?

ಹುಟ್ಟುವುದಿಲ್ಲ. ಆದರೆ ಈ ಪ್ರಶ್ನೆಗೆ ಒಂದು ಸ್ವಾರಸ್ಯದ ಇತಿಹಾಸ ಇದೆ, ಅದು ನಮ್ಮ ಕುಕ್ಕರುಗಾಲಿಗೆ ಸಂಬಂಧಪಟ್ಟದ್ದು.

ವಿದ್ಯಾರ್ಥಿಗಳ ಕೈಗೆ ಎಲುಬಿನ ಪೆಟ್ಟಿಗೆಯಿಂದ ಕಣಕಾಲಿನ ಎಲುಬು ಕೊಟ್ಟು, ಕೆಳತುದಿಯ ಮುಂದಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಲು ಹೇಳುತ್ತೇನೆ. ಒರಟು ಅಂಚಿನ ನಡುವೆ, ಹುಣಸೆ ಬೀಜದಷ್ಟು ಜಾಗ ಥಟ್ಟನೆ ನುಣ್ಣಗೆ ಸಿಗುತ್ತದೆ. ಅದರ ಕೆಳಗಿನ ಹಿಮ್ಮಡಿ ಕೀಲಿನ ಎಲುಬಿನ ಕುತ್ತಿಗೆಯ ಮೇಲೂ ಜೋಡಿ ಗುರುತು ಇರುತ್ತದೆ. ಕುಕ್ಕರುಗಾಲಲ್ಲಿ ಕೂತಾಗ ಪಾದ ಪೂರ್ತಿ ಮೇಲಕ್ಕೆ ಮಡಚಿ ಈ ಎರಡು ಜಾಗ ಒಂದಕ್ಕೊಂದು ತಾಗುತ್ತವೆ. ವರ್ಷಗಟ್ಟಲೆ ತಾಗಿ ತಾಗಿ ಹೊಸ ಕೀಲಿನ ಮೇಲ್ಮೈ ಮೂಡುತ್ತದೆ. ಭಾರತದ ಎಲುಬುಗಳಲ್ಲಿ ಇದು ಸಾಮಾನ್ಯ, ಕುರ್ಚಿಯ ಮೇಲೆ ಕೂತು ಬೆಳೆದ ಯುರೋಪಿನವರಲ್ಲಿ ಅಪರೂಪ. ಕಳೆ ತೆಗೆಯುವುದು, ಪಾತ್ರೆ ತಿಕ್ಕುವುದು, ಕಟ್ಟೆಯ ಮೇಲೆ ಹರಟೆ, ಬೆಳಗಿನ ಚೆಂಬು, ಎಲ್ಲ ನಮ್ಮಲ್ಲಿ ಕುಕ್ಕರುಗಾಲಲ್ಲೇ ನಡೆಯುತ್ತಿತ್ತಲ್ಲ.

ಲಾಹೋರಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರ ಸುಮಾರಿಗೆ ಪಂಜಾಬಿಗಳ ಎಲುಬಿನಲ್ಲಿ ಈ ಗುರುತುಗಳನ್ನು ವಿವರವಾಗಿ ಬರೆದ. ಇನ್ನೂ ಹುಟ್ಟದ ಕೂಸುಗಳಲ್ಲೂ ಇವು ಕಂಡಾಗ, ಹಿರಿಯರು ಕೂತು ಗಳಿಸಿದ್ದು ಮಕ್ಕಳಿಗೆ ಇಳಿದು ಬಂದಿದೆ ಎಂದು ವಾದಿಸಿದ. ಆದರೆ ಕುರ್ಚಿಯ ನಾಡಿನ ಭ್ರೂಣಗಳಲ್ಲೂ ಅವು ಕಾಣುತ್ತವೆ; ಗರ್ಭದಲ್ಲಿ ಎಲ್ಲ ಕೂಸುಗಳೂ ಕಾಲು ಮಡಚಿಕೊಂಡೇ ಇರುತ್ತವೆ. ಹುಟ್ಟಿದ ಮೇಲೆ ಕುಕ್ಕರುಗಾಲಲ್ಲಿ ಕೂರುವವರಿಗೆ ಗುರುತು ಉಳಿಯುತ್ತದೆ, ಉಳಿದವರಿಗೆ ಅಳಿಸಿಹೋಗುತ್ತದೆ. ಕಮೋಡು, ಡೈನಿಂಗ್ ಟೇಬಲ್ಲು ಬಂದ ಮನೆಗಳ ಮುಂದಿನ ಪೀಳಿಗೆಯಲ್ಲಿ ಇದು ಕಡಿಮೆಯಾಗುವುದನ್ನು ನಿರೀಕ್ಷಿಸಬಹುದು.

ನನ್ನ ಮಗ ಎತ್ತರನೇ ಬೆಳೀಲತ್ತಿಲ್ಲ. ಅವರಪ್ಪನೂ ಗಿಡ್ಡ. ವಂಶನೇ ಹಂಗಾ?

ಇದನ್ನು ಕೇಳದ ತಾಯಿ ಇಲ್ಲ. ಎರಡು ಸತ್ಯಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಮಾತ್ರ ಉತ್ತರ ಸಿಗುತ್ತದೆ.

ಮೊದಲನೆಯದು: ಚೆನ್ನಾಗಿ ಉಂಡು ಬೆಳೆದ ಸಮಾಜದೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಎತ್ತರದ ವ್ಯತ್ಯಾಸದಲ್ಲಿ ಶೇ 80ರಷ್ಟು ಜೀನ್‌ಗಳದ್ದೇ ಪಾಲು. ಒಂದೆರಡಲ್ಲ, 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಎತ್ತರಕ್ಕೆ ಸಂಬಂಧಿಸಿದ ಸುಮಾರು 12,000 ಜೀನ್ ವ್ಯತ್ಯಾಸಗಳನ್ನು ಗುರುತಿಸಿತು. ಎರಡನೆಯದು: ಅದೇ ಜೀನ್ ಇಟ್ಟುಕೊಂಡು ಇಡೀ ದೇಶಗಳೇ ಎತ್ತರವಾಗಿವೆ. ದಕ್ಷಿಣ ಕೊರಿಯಾದ ಹೆಂಗಸರು 100 ವರ್ಷದಲ್ಲಿ ಸರಾಸರಿ 20 ಸೆಂ.ಮೀ. ಬೆಳೆದರು. ಗ್ವಾಟೆಮಾಲಾದಿಂದ ಅಮೆರಿಕಕ್ಕೆ ಹೋದ ಮಾಯಾ ಜನರ ಮಕ್ಕಳು ಊರಲ್ಲೇ ಉಳಿದ ಅದೇ ವಯಸ್ಸಿನ ಮಕ್ಕಳಿಗಿಂತ ಸುಮಾರು 10 ಸೆಂ.ಮೀ. ಎತ್ತರ ಇದ್ದರು, ಅದೂ ಒಂದೇ ತಲೆಮಾರಿನಲ್ಲಿ.

ಅಂದರೆ ಜೀನ್ ಮೇಲಿನ ಮಿತಿ ಹಾಕುತ್ತದೆ, ಮಗು ಆ ಮಿತಿಯನ್ನು ಮುಟ್ಟುತ್ತದೋ ಇಲ್ಲವೋ ಎಂಬುದನ್ನು ಬಾಲ್ಯ ತೀರ್ಮಾನಿಸುತ್ತದೆ. ಅದರಲ್ಲೂ ಗರ್ಭ ನಿಂತ ದಿನದಿಂದ ಎರಡು ವರ್ಷ ತುಂಬುವತನಕದ ಕಾಲ. ಉದ್ದೆಲುಬಿನ ತುದಿಗಳಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ. ಪ್ರೋಟೀನ್, ಸತು ಸಾಲದಿದ್ದರೆ, ಮೇಲಿಂದ ಮೇಲೆ ಭೇದಿ, ಜ್ವರ ಬರುತ್ತಿದ್ದರೆ ದೇಹ ಆ ಪಟ್ಟಿಯ ಕೆಲಸ ನಿಲ್ಲಿಸಿ ಜೀವ ಉಳಿಸಿಕೊಳ್ಳುತ್ತದೆ. ಮೊದಲು ಪೆಟ್ಟು ಬೀಳುವುದು ಕಾಲಿನ ಉದ್ದಕ್ಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಈ ಪ್ರಮಾಣ ಅರ್ಧ ದಾಟಿತ್ತು. ಯಾದಗಿರಿಯ ಮಕ್ಕಳ ಜೀನ್ ಮಂಗಳೂರಿನ ಮಕ್ಕಳ ಜೀನ್‌ಗಿಂತ ಅಷ್ಟು ಬೇರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಪ್ಪ ಗಿಡ್ಡ ಎನ್ನುವುದೂ ಪುರಾವೆ ಆಗುವುದಿಲ್ಲ. ಅಪ್ಪನ ಬಾಲ್ಯದಲ್ಲಿ ಮನೆಯಲ್ಲಿ ಏನಿತ್ತು, ಬರಗಾಲ ಬಂದಿತ್ತಾ, ಅಜ್ಜಿಗೆ ಎಷ್ಟು ವಯಸ್ಸಿಗೆ ಮದುವೆಯಾಗಿತ್ತು ಎಂದು ಕೇಳಿ ನೋಡಿ. ಮಗುವನ್ನು ಅಂಗನವಾಡಿಯಲ್ಲಿ ತಪ್ಪದೆ ಅಳೆಸಿ, ತಾಯಿ ಕಾರ್ಡಿನ ಗೆರೆ ಕೆಳಗೆ ಇಳಿಯುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪಂಜಾಬಿನವರು ಎತ್ತರ ಇರೋದು ಗೋಧಿ ತಿನ್ನೋದರಿಂದಾ?

ಗೋಧಿಗಿಂತ ಹಾಲು, ಮೊಸರಿನ ಪಾತ್ರ ದೊಡ್ಡದು. ಜೀನ್ ಪಾತ್ರವೂ ಇದೆ. ಜೋಳ ಬಿಟ್ಟು ಚಪಾತಿ ತಿಂದರೆ ಎತ್ತರ ಆಗುವುದಿಲ್ಲ.

ನಮ್ಮ ಊರಾಗ ನಲವತ್ತಕ್ಕೇ ಟೊಂಕ ಬಗ್ಗತದ, ಕುತ್ತಿಗಿ ತಿರುಗಲ್ಲ. ಇದು ನಮ್ಮ ಮಂದಿಯ ವಂಶದ ರೋಗನಾ?

ಊರಿಗೆ ಊರೇ ಹಾಗಿದ್ದರೆ ಮೊದಲು ಬೋರಿನ ನೀರು ಪರೀಕ್ಷೆ ಮಾಡಿಸಿ. ಸೊಸೆಯಾಗಿ ಬೇರೆ ಊರಿಂದ ಬಂದವರಿಗೂ ಹತ್ತಿಪ್ಪತ್ತು ವರ್ಷದಲ್ಲಿ ಅದೇ ಬಾಧೆ ಶುರುವಾಗಿದ್ದರೆ ವಂಶದ ಮಾತು ಅಲ್ಲಿಗೇ ಮುಗಿಯಿತು.

ನೆಲದ ಕಥೆ ಸ್ವಲ್ಪ ಹೇಳಬೇಕು. ಬೀದರಿನಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿಗಲ್ಲು. ಕಲಬುರಗಿಯ ಬಹುಭಾಗ ಕರಿಗಲ್ಲು ಮತ್ತು ಶಹಾಬಾದಿನ ಫರಸಿ ಸಿಗುವ ಸುಣ್ಣಗಲ್ಲು. ಸುರಪುರ, ಯಾದಗಿರಿ ಕಡೆ ಹೋದಂತೆ ಗುಡ್ಡವೆಲ್ಲ ಗ್ರಾನೈಟು. ಗ್ರಾನೈಟಿನೊಳಗಿನ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಲ್ಲುತ್ತದೆ. ಫ್ಲೋರೈಡ್ ಕರಗಿ ಸೇರುತ್ತದೆ. ತೆರೆದ ಬಾವಿ, ಕೆರೆ ಬಿಟ್ಟು ಆಳದ ಬೋರಿಗೆ ಹೋದ ಮೇಲೆ ತೊಂದರೆ ಹೆಚ್ಚಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರತನಕ ಎಂದು ಭಾರತೀಯ ಮಾನಕ ಹೇಳುತ್ತದೆ.

ಎಲುಬಿನ ಹರಳಿನೊಳಗೆ ಫ್ಲೋರೈಡ್ ಸೇರಿಕೊಂಡರೆ ಎಲುಬು ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ನೋಡಿದವರು ಗಟ್ಟಿಯಾಗಿದೆ ಎಂದುಕೊಳ್ಳಬೇಕು, ಆದರೆ ಅದು ಪೆಡಸಾಗಿರುತ್ತದೆ. ಬೆನ್ನುಮಣಿಗಳನ್ನು ಜೋಡಿಸುವ ಕಟ್ಟುಗಳೇ ಎಲುಬಾಗಿ ಬೆನ್ನು ಬಿದಿರಿನ ಗಳದಂತೆ ಸೆಟೆಯುತ್ತದೆ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಗಟ್ಟಿಯಾಗಿರುವುದು ವೈದ್ಯರು ಹುಡುಕುವ ಗುರುತು. ಹಳ್ಳಿಯಲ್ಲಿ ಯಂತ್ರವಿಲ್ಲದೆ ನೋಡಲು ಮೂರು ಪರೀಕ್ಷೆಗಳಿವೆ: ಮೊಳಕಾಲು ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಯನ್ನು ತಲೆಯ ಹಿಂದೆ ಒಯ್ಯುವುದು. ಮೂರೂ ಆಗದಿದ್ದರೆ, ಮನೆಯ ಮಕ್ಕಳ ಹಲ್ಲಿನಲ್ಲಿ ಹಳದಿ-ಕಂದು ಗೆರೆ ಇದ್ದರೆ, ಸಂಶಯ ಬಲವಾಗುತ್ತದೆ. ಹಲ್ಲಿನ ಕಲೆ ಬೀಳುವುದು ಸುಮಾರು 8 ವರ್ಷದೊಳಗೆ, ಹಲ್ಲು ದವಡೆಯೊಳಗೆ ತಯಾರಾಗುತ್ತಿರುವಾಗ. ಹಾಗಾಗಿ ಒಬ್ಬರ ಹಲ್ಲು ನೋಡಿದರೆ ಅವರು ಎಳವೆಯಲ್ಲಿ ಎಂಥ ನೀರು ಕುಡಿದರು ಎಂದು ತಿಳಿಯುತ್ತದೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನದಿ ನೀರಿನ ಯೋಜನೆಯ ನಲ್ಲಿ, ಮಳೆ ನೀರು, ಆರ್‌ಓ ಘಟಕ, ಅಲ್ಯೂಮಿನಾ ಫಿಲ್ಟರ್, ಇಲ್ಲವೇ ಪಕ್ಕದ ತೆಲಂಗಾಣದ ನಲ್ಗೊಂಡ ಹೆಸರಿನಲ್ಲಿ ಬಂದ ಪಟಿಕ-ಸುಣ್ಣದ ವಿಧಾನ, ಇವು ದಾರಿಗಳು. ಒಮ್ಮೆ ಸೆಟೆದ ಬೆನ್ನು ಮೊದಲಿನಂತೆ ಆಗುವುದಿಲ್ಲ. ಮುಂದಿನವರದ್ದನ್ನು ತಡೆಯಬಹುದು.

ಜೋಳ ತಿನ್ನುವವರಿಗೆ ಫ್ಲೋರೈಡ್ ಹೆಚ್ಚು ಹತ್ತುತ್ತದೆ ಎಂದು ಕೇಳಿದ್ದೇವೆ. ರೊಟ್ಟಿ ಬಿಡಬೇಕಾ?

ಬಿಡಬೇಡಿ. ಮಾತಿನ ಮೂಲ ಇದು: 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೈಡ್ ನೀರಿನ ಹಳ್ಳಿಗಳಲ್ಲಿ ಹುಡುಗರ ಮೊಳಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ರೋಗವನ್ನು ವರದಿ ಮಾಡಿದರು. ಆ ಹಳ್ಳಿಗಳ ಮುಖ್ಯ ಊಟ ಜೋಳ. ಜೋಳದ ಊಟದಲ್ಲಿ ದೇಹ ಫ್ಲೋರೈಡನ್ನು ಹೆಚ್ಚು ಉಳಿಸಿಕೊಳ್ಳುತ್ತದೆ ಎಂದು ಮುಂದಿನ ಕೆಲಸ ಸೂಚಿಸಿತು. ಅಲ್ಲಿ ತಪ್ಪಿತಸ್ಥ ನೀರು. ನೀರು ಒಳ್ಳೆಯದಿದ್ದರೆ ಜೋಳ ಉತ್ತಮ ಊಟ. ರೊಟ್ಟಿಯ ಜೊತೆ ಮೊಸರು, ಎಳ್ಳು-ಅಗಸಿ ಹಿಂಡಿ, ಸೊಪ್ಪಿನ ಪಲ್ಯ ಇದ್ದರೆ ಕ್ಯಾಲ್ಸಿಯಂ ಸಿಗುತ್ತದೆ, ಕ್ಯಾಲ್ಸಿಯಂ ಇದ್ದಲ್ಲಿ ಫ್ಲೋರೈಡಿನ ಕಾಟವೂ ಕಡಿಮೆ. ಅಂದಹಾಗೆ, ಎರಡು ವರ್ಷದೊಳಗಿನ ಮಗುವಿನ ಕಾಲು ಹೊರಕ್ಕೆ ಬಾಗಿರುವುದು, ಮೂರು-ನಾಲ್ಕರಲ್ಲಿ ಒಳಕ್ಕೆ ಬಾಗಿರುವುದು ಸಹಜ, ಅದಕ್ಕೆಲ್ಲ ಹೆದರಬೇಕಿಲ್ಲ.

ಇಷ್ಟು ಬಿಸಿಲಿನ ಊರಲ್ಲಿ ವಿಟಮಿನ್ ಡಿ ಕೊರತೆ ಹೇಗೆ ಬರುತ್ತದೆ?

ಬಿಸಿಲು ಊರಿನ ಮೇಲೆ ಬಿದ್ದರೆ ಸಾಲದು, ಚರ್ಮದ ಮೇಲೆ ಬೀಳಬೇಕು. 42 ಡಿಗ್ರಿಯಲ್ಲಿ ಯಾರು ಹೊರಗೆ ನಿಲ್ಲುತ್ತಾರೆ? ಪೇಟೆಯವರು ನೆರಳಲ್ಲಿ, ಹೆಂಗಸರು ಸೆರಗು, ಬುರ್ಖಾದಲ್ಲಿ, ಮಕ್ಕಳು ಟ್ಯೂಷನ್ನಿನಲ್ಲಿ. ನಮ್ಮ ಕಪ್ಪು ಚರ್ಮ ಕಡುಬಿಸಿಲಿಗೆ ವಿಕಾಸ ಕೊಟ್ಟ ಕೊಡೆ; ಅದರೊಳಗೆ ಅಷ್ಟೇ ವಿಟಮಿನ್ ತಯಾರಾಗಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು. ಇಡೀ ದಿನ ಹೊಲದಲ್ಲಿ ಇರುವವರಲ್ಲೂ ಕೊರತೆ ಕಾಣುವುದುಂಟು: ಊಟದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ ಇದ್ದರೆ ದೇಹ ಇದ್ದಬದ್ದ ವಿಟಮಿನ್ ಡಿಯನ್ನು ಬೇಗ ಖರ್ಚು ಮಾಡುತ್ತದೆ.

ಕೂಸಿನ ತಲೆ, ಮೂಗು ತಿದ್ದಿದರೆ ಆಕಾರ ಬರ್ತದಾ?

ಮೂಗು ಬರುವುದಿಲ್ಲ. ಮೂಗಿನ ಆಕಾರ ಹರೆಯ ಮುಗಿಯುವತನಕ ಬೆಳೆಯುತ್ತಿರುತ್ತದೆ, ಅದರ ಮೇಲೆ ಜೀನ್‌ಗಳ ಹಿಡಿತ ಬಲವಾಗಿದೆ. ಆ ಜೀನ್‌ಗಳ ಹಿಂದೆ ಹವಾಮಾನದ ಕೈ ಇದೆ. ಚಳಿ, ಒಣಹವೆಯ ನಾಡಿನಲ್ಲಿ ಕಿರಿದಾದ ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಒಳಗೆ ಕಳಿಸುತ್ತದೆ. ಬಿಸಿ, ತೇವದ ಹವೆಯ ನಾಡಿನಲ್ಲಿ ಅಗಲ ಮೂಗಿಗೆ ತೊಂದರೆಯಿಲ್ಲ. ಬ್ರಿಟಿಷ್ ಸಂಶೋಧಕರಾದ ಥಾಮ್ಸನ್ ಮತ್ತು ಬಕ್ಸ್‌ಟನ್ 1923ರಲ್ಲಿ ಇದನ್ನು ಅಳತೆಗಳಿಂದ ತೋರಿಸಿದ್ದರು. ಮೈಕಟ್ಟಿಗೂ ಇಂಥದೇ ನಿಯಮ: ಚಳಿ ನಾಡಿನಲ್ಲಿ ಕುಳ್ಳಗಿನ ದಪ್ಪ ಮೈ, ಗಿಡ್ಡ ಕೈಕಾಲು; ಬಿಸಿ ನಾಡಿನಲ್ಲಿ ತೆಳ್ಳಗಿನ ಮೈ, ಉದ್ದ ಕೈಕಾಲು. ಬರ್ಗ್‌ಮನ್ 1847ರಲ್ಲಿ, ಆಲನ್ 1877ರಲ್ಲಿ ಪ್ರಾಣಿಗಳ ಬಗ್ಗೆ ಹೇಳಿದ್ದು ಮನುಷ್ಯರಿಗೂ ಬಹುಮಟ್ಟಿಗೆ ಒಪ್ಪುತ್ತದೆ.

ತಲೆಯ ಮಾತು ಬೇರೆ. ಕೂಸಿನ ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ. ಒಂದೇ ಮಗ್ಗುಲಿಗೆ ಮಲಗಿಸಿದರೆ ಆ ಕಡೆ ಚಪ್ಪಟೆಯಾಗುತ್ತದೆ. ಮಗ್ಗುಲು ಬದಲಿಸಿ, ಎಚ್ಚರವಿದ್ದಾಗ ಬೋರಲು ಹಾಕಿ ಆಡಿಸಿ. ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದಕ್ಕೆ ಅಡ್ಡಿಯಿಲ್ಲ. ಒತ್ತಬೇಡಿ, ನೆತ್ತಿಯ ಮೆದು ಜಾಗದಲ್ಲಿ ಅಂತೂ ಬೇಡವೇ ಬೇಡ.

ಎಲುಬು, ತಲೆಬುರುಡೆ ನೋಡಿ ಜಾತಿ ಹೇಳಬಹುದಾ?

ಹೇಳಲಾಗುವುದಿಲ್ಲ. ಹೇಳಬಹುದು ಎಂದು ನಂಬಿದ ಸರ್ಕಾರವೊಂದು ಇತ್ತು. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಬರೆದ. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1932ರಲ್ಲಿ ಆ ಅಳತೆಗಳನ್ನೇ ಮತ್ತೆ ಹಾಕಿ ನೋಡಿ, ಉತ್ತರದ ಒಂದು ಭಾಗ ಬಿಟ್ಟರೆ ಬೇರೆಲ್ಲೂ ಈ ಸೂತ್ರ ನಿಲ್ಲುವುದಿಲ್ಲ ಎಂದು ತೋರಿಸಿದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಇಂಥ ದೇಹದ ಅಳತೆಗಳನ್ನು ಸರಿಯಾಗಿ ಹೋಲಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡೇ 1936ರಲ್ಲಿ ತಮ್ಮ ಹೆಸರಿನ ಅಂತರದ ಸೂತ್ರ (ಎರಡು ಗುಂಪುಗಳು ಒಟ್ಟಾರೆ ಎಷ್ಟು ಬೇರೆ ಎಂದು ಅಳೆಯುವ ಲೆಕ್ಕ) ಕೊಟ್ಟರು. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅದನ್ನು ಬಳಸುವ ಹುಡುಗರಿಗೆ ಅದರ ಹುಟ್ಟು ಮೂಗು-ತಲೆಗಳ ಅಳತೆಯಲ್ಲಿ ಎಂದು ಗೊತ್ತಿರಲಿಕ್ಕಿಲ್ಲ.

ತಲೆಯ ಆಕಾರ ಬದಲಾಗುವುದೇ ಇಲ್ಲ ಎಂಬ ನಂಬಿಕೆಗೆ ಪೆಟ್ಟು ಕೊಟ್ಟವರು ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್. ಅಮೆರಿಕಕ್ಕೆ ವಲಸೆ ಬಂದ ಸುಮಾರು 18,000 ಜನರನ್ನು ಅಳೆದು, ಅಲ್ಲೇ ಹುಟ್ಟಿದ ಮಕ್ಕಳ ತಲೆಯ ಅಳತೆ ಅಪ್ಪ-ಅವ್ವನಿಗಿಂತ ಬೇರೆಯಾಗಿದೆ ಎಂದು 1912ರಲ್ಲಿ ಪ್ರಕಟಿಸಿದರು. ಅದೇ ಅಂಕಿಗಳ ಮೇಲೆ 2002-03ರಲ್ಲಿ ಮತ್ತೆ ಜಗಳವಾಯಿತು. ಒಂದು ಗುಂಪು ಬದಲಾವಣೆ ಅಲ್ಪ ಎಂದಿತು, ಇನ್ನೊಂದು ಗುಂಪು ಬೋವಾಸ್ ಹೇಳಿದ್ದು ಮೂಲತಃ ಸರಿ ಎಂದಿತು. ಎರಡನ್ನೂ ಓದಿದ ಮೇಲೆ ನನಗನ್ನಿಸುವುದು: ತಲೆಯ ಆಕಾರದಲ್ಲಿ ವಂಶದ ಪಾಲು ದೊಡ್ಡದು, ಆದರೆ ಅದು ಕಲ್ಲಿನ ಮೇಲೆ ಕೊರೆದ ಶಾಸನ ಅಲ್ಲ.

ಜಗತ್ತಿನ ತಲೆಬುರುಡೆಗಳ ಒಟ್ಟು ವ್ಯತ್ಯಾಸದಲ್ಲಿ ಖಂಡ-ಖಂಡಗಳ ನಡುವಿನ ಪಾಲು ನೂರಕ್ಕೆ 10ರಿಂದ 15ರಷ್ಟು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಒಂದೊಂದು ಸಮುದಾಯದ ಒಳಗೇ ಇರುವ ವ್ಯತ್ಯಾಸ. ಅಸ್ಥಿಪಂಜರ ಸಿಕ್ಕರೆ ಗಂಡೋ ಹೆಣ್ಣೋ, ಅಂದಾಜು ವಯಸ್ಸೆಷ್ಟು, ಎತ್ತರವೆಷ್ಟು, ದುಡಿಮೆ ಎಂಥದ್ದು, ಹಸಿವು ಕಂಡಿತ್ತೇ ಎಂದು ಬಹುಮಟ್ಟಿಗೆ ಹೇಳುತ್ತೇವೆ. ಕೊರಳಲ್ಲಿ ಲಿಂಗ ಇತ್ತೋ, ಜನಿವಾರ ಇತ್ತೋ, ತಾಯಿತ ಇತ್ತೋ ಎಲುಬು ಹೇಳುವುದಿಲ್ಲ.

ಬುದ್ಧಿ ಹಲ್ಲು ಈಗಿನ ಹುಡುಗರಿಗೆ ಯಾಕೆ ಇಷ್ಟು ಕಾಟ ಕೊಡುತ್ತದೆ?

ದವಡೆ ಸಣ್ಣದಾಗಿದೆ, ಹಲ್ಲು ಅಷ್ಟೇ ದೊಡ್ಡದಿದೆ. ಹಲ್ಲಿನ ಗಾತ್ರ ಬಹುತೇಕ ಜೀನ್ ಕೈಯಲ್ಲಿದೆ. ದವಡೆ ಮಾತ್ರ ಬಾಲ್ಯದಲ್ಲಿ ಅಗಿದಷ್ಟು ಬೆಳೆಯುತ್ತದೆ. 2004ರ ಪ್ರಯೋಗವೊಂದರಲ್ಲಿ ಹೈರಾಕ್ಸ್ ಎಂಬ ಸಣ್ಣ ಪ್ರಾಣಿಗಳಿಗೆ ಬೇಯಿಸಿದ ಮೆತ್ತನೆಯ ಆಹಾರ ಕೊಟ್ಟಾಗ, ಗಟ್ಟಿ ಆಹಾರ ತಿಂದವುಗಳಿಗಿಂತ ಮುಖದ ಕೆಳಭಾಗ ಸುಮಾರು ಶೇ 10ರಷ್ಟು ಸಣ್ಣದಾಗಿ ಬೆಳೆಯಿತು. ಖಡಕ್ ರೊಟ್ಟಿ, ಹುರಿದ ಕಡಲೆ, ಹೊಲದ ಕಬ್ಬು ಅಗಿಯುವ ಮಕ್ಕಳ ಜಾಗದಲ್ಲಿ ಬಿಸ್ಕತ್ತು ಚಹಾದಲ್ಲಿ ಅದ್ದುವ ಮಕ್ಕಳು ಬಂದಿದ್ದಾರೆ. ಜಗತ್ತಿನಲ್ಲಿ ಐದರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿ ಹಲ್ಲು ಹುಟ್ಟುವುದೇ ಇಲ್ಲ. ಅದು ವಿಕಾಸದ ಕೆಲಸ.

ಹುಣಸಗಿ ಕಡೆ ಲಕ್ಷಾಂತರ ವರ್ಷ ಹಿಂದಿನ ಮನುಷ್ಯರಿದ್ದರಲ್ಲ, ಅವರು ನೋಡಲು ಹೇಗಿದ್ದರು?

ಅವರ ಕೊಡಲಿಗಳು ಸಿಕ್ಕಿವೆ, ಅವರು ಸಿಕ್ಕಿಲ್ಲ. ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಯಾದಗಿರಿ ಜಿಲ್ಲೆಯ ಹುಣಸಗಿ-ಬೈಚಬಾಳ ಕಣಿವೆಯಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು. ಅದೇ ಕಣಿವೆಯ ಇಸಾಂಪುರದಲ್ಲಿ ಸಿಕ್ಕಿದ್ದು ಕಲ್ಲಿನ ಆಯುಧ ತಯಾರಿಸುವ ಜಾಗವೇ. ಬಳಸಿದ ಕಲ್ಲು ಸುಣ್ಣಗಲ್ಲಿನ ಚಪ್ಪಡಿ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆ ಸುಮಾರು 12 ಲಕ್ಷ ವರ್ಷ ಎಂದು ತೋರಿಸಿತು. ಮನುಷ್ಯರ ಎಲುಬು ಇಲ್ಲ. ಬಯಲಿನಲ್ಲಿ ಬಿದ್ದ ಎಲುಬನ್ನು ಮಳೆ, ಬಿಸಿಲು, ಬಿರಿದು ಮುಚ್ಚುವ ಎರೆಭೂಮಿ ಉಳಿಸುವುದಿಲ್ಲ. ಭಾರತದಲ್ಲಿ ಅಷ್ಟು ಹಳೆಯ ಕಾಲದ ಮಾನವರ ಹೆಸರಾಂತ ಪಳೆಯುಳಿಕೆ ಎಂದರೆ ಭೂವಿಜ್ಞಾನಿ ಅರುಣ್ ಸೋನಕಿಯಾ 1982ರಲ್ಲಿ ನರ್ಮದೆಯ ದಂಡೆಯ ಹಥನೋರಾದಲ್ಲಿ ಕಂಡ ತಲೆಬುರುಡೆ, ಅದೂ ಇಸಾಂಪುರಕ್ಕಿಂತ ಬಹಳ ಈಚಿನದು.

ಸುಮಾರು 15 ಲಕ್ಷ ವರ್ಷ ಹಿಂದೆ ಕೀನ್ಯಾದಲ್ಲಿ ಸತ್ತ ಹುಡುಗನೊಬ್ಬನ ಅಸ್ಥಿಪಂಜರ 1984ರಲ್ಲಿ ಸಿಕ್ಕಿತು. ಹರೆಯಕ್ಕೂ ಪೂರ್ತಿ ಬಾರದ ವಯಸ್ಸಿಗೇ 160 ಸೆಂ.ಮೀ. ಹತ್ತಿರ ಎತ್ತರ, ಉದ್ದ ಕಾಲು. ಕುತ್ತಿಗೆಯ ಕೆಳಗೆ ನಮ್ಮಂತೆಯೇ. ಇಸಾಂಪುರದವರೂ ಇಂಥ ಮೈಕಟ್ಟಿನವರೇ ಇದ್ದಿರಬಹುದು ಎನ್ನುವುದು ಊಹೆ ಮಾತ್ರ.

ಸಣ್ಣ ವಯಸ್ಸಿಗೆ ಮದುವೆಯಾದ ಹುಡುಗಿಯರ ಹೆರಿಗೆ ಕಷ್ಟ ಅಂತಾರೆ. ಎಲುಬಿಗೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧ. ಎರಡು ಕಾಲ ಮೇಲೆ ನಡೆಯಲು ಸೊಂಟದ ಎಲುಬು ಬಟ್ಟಲಿನಾಕಾರಕ್ಕೆ ಬಂತು. ಮಿದುಳು ದೊಡ್ಡದಾಗಿ ಕೂಸಿನ ತಲೆಯೂ ದೊಡ್ಡದಾಯಿತು. ಮನುಷ್ಯರ ಹೆರಿಗೆ ಬೇರೆ ಬಹುತೇಕ ಪ್ರಾಣಿಗಳಿಗಿಂತ ಇಕ್ಕಟ್ಟಿನದು. ಹುಡುಗಿಯ ಎತ್ತರ ನಿಂತ ಮೇಲೂ ಸೊಂಟದ ಹೆರಿಗೆ ದಾರಿ ಇನ್ನೂ ಕೆಲವು ವರ್ಷ ಅಗಲವಾಗುತ್ತಿರುತ್ತದೆ. ಹದಿನೈದರ ಹುಡುಗಿ ಅವ್ವನಷ್ಟೇ ಎತ್ತರ ಕಂಡರೂ ಒಳಗಿನ ದಾರಿ ತಯಾರಾಗಿರುವುದಿಲ್ಲ. ಅವಳು ಎಳವೆಯಲ್ಲಿ ಸೊರಗಿದ್ದರೆ ಇನ್ನೂ ಕಿರಿದು. ಅವಳಿಗೆ ಹುಟ್ಟುವ ಕೂಸಿನ ತೂಕವೂ ಕಡಿಮೆ, ಆ ಕೂಸಿನ ಎತ್ತರವೂ ಕಡಿಮೆ. ಇದನ್ನೇ ಆಮೇಲೆ ‘ನಮ್ಮ ವಂಶದಾಗ ಎಲ್ಲರೂ ಸಣ್ಣವರೇ’ ಎನ್ನುತ್ತಾರೆ.

ಎಕ್ಸ್‌ರೇ ತೆಗೆದು ಹುಡುಗಿಯ ವಯಸ್ಸು ಖಚಿತವಾಗಿ ಹೇಳಬಹುದಾ?

ಖಚಿತವಾಗಿ ಹೇಳಲಾಗದು, ಒಂದೆರಡು ವರ್ಷ ಹಿಂದೆಮುಂದೆ ಆಗುತ್ತದೆ. ಮಣಿಕಟ್ಟಿನ ಎಕ್ಸ್‌ರೇಗೆ ಬಳಸುವ ಪ್ರಸಿದ್ಧ ಗ್ರೂಲಿಕ್-ಪೈಲ್ ಪಟಗಳು 1930-40ರ ದಶಕದ ಅಮೆರಿಕದ ಸ್ಥಿತಿವಂತ ಬಿಳಿ ಮಕ್ಕಳವು. ಸೊರಗಿದ ಮಗುವಿನ ಎಲುಬು ವಯಸ್ಸಿಗಿಂತ ಹಿಂದೆ ಇರುತ್ತದೆ. ಅದಕ್ಕೇ 2015ರ ಬಾಲನ್ಯಾಯ ಕಾಯ್ದೆ ಶಾಲೆಯ ಅಥವಾ ಜನನದ ದಾಖಲೆಯನ್ನು ಮೊದಲು ಕೇಳುತ್ತದೆ, ಅವಿಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ.

ಹೊಲ ಹರಗುವಾಗ ಎಲುಬು, ಮಡಿಕೆ ಸಿಕ್ಕರೆ ಏನು ಮಾಡಬೇಕು?

ಅಲ್ಲೇ ಕೆಲಸ ನಿಲ್ಲಿಸಿ. ತೊಳೆಯಬೇಡಿ, ಎತ್ತಿ ಚೀಲಕ್ಕೆ ಹಾಕಬೇಡಿ, ಹೊಳೆಗೂ ಬಿಡಬೇಡಿ. ಮನುಷ್ಯರದ್ದು ಎನ್ನಿಸಿದರೆ ಮೊದಲು ಪೊಲೀಸರಿಗೆ ತಿಳಿಸಿ. ಹಳೆಯದು ಎಂದು ಗೊತ್ತಾದರೆ ಪುರಾತತ್ವ ಇಲಾಖೆಗೆ ಸುದ್ದಿ ಹೋಗುತ್ತದೆ. ಸುರಪುರ ಸೀಮೆಯ ಬೂದಿಹಾಳದಂಥ ಬೂದಿ ದಿಬ್ಬಗಳ (ಹಿಂದಿನವರು ಸಗಣಿ ಸುಟ್ಟು ಬೆಳೆದ ದಿಬ್ಬಗಳ) ಹತ್ತಿರ ಇನ್ನೂ ಎಚ್ಚರ ಬೇಕು. ಅಲ್ಲಿ 4,000 ವರ್ಷ ಹಿಂದಿನ ದನಗಾಹಿಗಳ ನೆಲೆಯಲ್ಲಿ ಎಳೆಯ ಮಕ್ಕಳನ್ನು ಹೂಳಿದ್ದು ಉತ್ಖನನದಲ್ಲಿ ಸಿಕ್ಕಿದೆ. ಇಂಥ ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಬಂಡಿಗಟ್ಟಲೆ ಒಯ್ದವರಿದ್ದಾರೆ. ಎಲುಬು ಯಾವ ಮಗ್ಗುಲಿಗೆ ಮಲಗಿತ್ತು, ಮಡಿಕೆ ಎಷ್ಟು ಆಳದಲ್ಲಿತ್ತು, ಸುತ್ತಲಿನ ಮಣ್ಣು ಯಾವ ಬಣ್ಣದ್ದು, ಇದಿಷ್ಟು ಫೋಟೋದಲ್ಲಿ ಬರಲಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ತೆಗೆಯಿರಿ, ಗುರುತಿಗೆ ಒಂದು ಕಲ್ಲು ನೆಟ್ಟು, ಉಳಿದ ಹೊಲ ಹರಗಿಕೊಳ್ಳಿ.